ಬೊಟ್ಟಿಲ್ಲದ ಮುಖಪುಟ

ಬೆಂಗಳೂರಿನಿಂದ ಬರುವ ಒಂದು ರಾಕ್ ಸಂಗೀತದ ಪತ್ರಿಕೆ ನನ್ನ ಫೋಟೋವನ್ನು ಮುಖಪುಟಕ್ಕೆ ಹಾಕಿತು. ಅದನ್ನು ನೋಡಿದ ನನ್ನ ಸೋದರತ್ತೆ ನಾನು ಸತ್ತೇ ಹೋದೆ ಎಂದುಕೊಂಡರು. ಪತ್ರಿಕೆಯವರನ್ನು ಕೇಳಿದರೆ ಇದನ್ನೂ ವಿನ್ಯಾಸದ ಗೆಲುವು ಎಂದೇ ಹೇಳಿಯಾರು. ಆ ಜನ ಅಂಥವರು.

ನಾನು ಡ್ರಮ್ಸ್ ಬಾರಿಸುತ್ತೇನೆ. ಊರು ಮುಳಬಾಗಿಲು. ವಾರವೆಲ್ಲ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸ, ಭಾನುವಾರ ಕೋಲಾರದಲ್ಲಿ ನಮ್ಮ ಬ್ಯಾಂಡಿನ ಪ್ರಾಕ್ಟೀಸು. ಮನೆಯವರಿಗೆ ಇದು ಗೊತ್ತು, ನೆಂಟರಿಗೆ ಗೊತ್ತಿರಲಿಲ್ಲ. ನಾನು ಕೋಲಾರದಲ್ಲಿ ವೀಣೆ ಕಲಿಯುತ್ತಿದ್ದೇನೆ ಎಂದು ಅಮ್ಮ ಎಲ್ಲರಿಗೂ ಹೇಳಿಟ್ಟಿದ್ದಳು. ಮದುವೆ ಮುಂಜಿಗಳಲ್ಲಿ ಯಾರಾದರೂ ನನ್ನನ್ನು ಒಂದು ಕೀರ್ತನೆ ನುಡಿಸು ಎಂದರೆ ಅವಳೇ ಮುಂದೆ ಬಂದು, ವೀಣೆ ರಿಪೇರಿಗೆ ಹೋಗಿದೆ ಎನ್ನುವಳು. ವರ್ಷಗಟ್ಟಲೆ ರಿಪೇರಿಯಾಗದ ವೀಣೆ ಅದು. ಬ್ಯಾಂಡಿನ ಹುಡುಗರಿಗೆ ನಾನು ಇದನ್ನು ತಮಾಷೆಯಾಗಿ ಹೇಳುತ್ತಿದ್ದೆ. ಒಳಗೊಳಗೆ ಬಹಳ ನೋಯುತ್ತಿತ್ತು. ನಾನು ಪ್ರಾಣ ಬಿಟ್ಟು ಬಾರಿಸುವುದನ್ನು ನನ್ನ ತಾಯಿ ಬಚ್ಚಿಡುತ್ತಿದ್ದಾಳೆ ಎಂದರೆ ಯಾರಿಗೆ ನೋಯುವುದಿಲ್ಲ?

ಪತ್ರಿಕೆಯವರು ಫೋನ್ ಮಾಡಿ, ಮುಂದಿನ ಸಂಚಿಕೆಗೆ ನೀವೇ ಮುಖಪುಟ ಎಂದಾಗ ಅಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಪುಸ್ತಕದ ಮೇಲೆ ನಿನ್ನ ಫೋಟೋ ಬರಲಿ. ಟೀಪಾಯ್ ಮೇಲಿಟ್ಟು ಎಲ್ರಿಗೂ ನಾನೇ ಹೇಳ್ತೀನಿ, ನಮ್ಮ ಹುಡುಗಿ ಡ್ರಮ್ಸ್ ಬಾರಿಸ್ತಾಳೆ ಅಂತ."

ನನಗೆ ಇನ್ನೇನು ಬೇಕು! ಫೋಟೋ ತೆಗೆಯುವ ದಿನ ಅವಳೇ ಹಸಿರು ರೇಷ್ಮೆಯ ಚೂಡಿದಾರಕ್ಕೆ ಇಸ್ತ್ರಿ ಹಾಕಿ ಕೊಟ್ಟಳು, ಮಲ್ಲಿಗೆ ಮುಡಿಸಿದಳು, ತನ್ನ ಮೆರೂನ್ ಬೊಟ್ಟೊಂದನ್ನು ನನ್ನ ಹಣೆಗೆ ಅಂಟಿಸಿದಳು. ನಮ್ಮ ಕಡೆ ಫೋಟೋ ಎಂದರೆ ಇಷ್ಟಾದರೂ ಇರಬೇಕು.

ಫೋಟೋ ತೆಗೆಸಿದ್ದು ದೇವರಾಯಸಮುದ್ರದ ಕೆರೆ ಏರಿಯ ಮೇಲೆ. ಕ್ಯಾಮೆರಾದವನ ಜೊತೆ ಪತ್ರಿಕೆಯ ವಿನ್ಯಾಸಕಾರನೂ ಬಂದಿದ್ದ. ಕೆರೆಯಲ್ಲಿ ನೀರಿತ್ತು, ಅದೇ ಅವನ ಮೊದಲ ತಕರಾರು. ಅವನಿಗೆ ಬಿರುಕು ಬಿಟ್ಟ ನೆಲ ಬೇಕಿತ್ತಂತೆ. ತುಂಬಿದ ಕೆರೆಗೆ ನಾನೇ ಕ್ಷಮೆ ಕೇಳಬೇಕು ಎನ್ನುವಂತೆ ನನ್ನ ಮುಖ ನೋಡಿದ. ಆಮೇಲೆ ತನ್ನ ಓದುಗ ಯಾರು ಎಂದು ವಿವರಿಸತೊಡಗಿದ. ಇಪ್ಪತ್ತರ ಆಸುಪಾಸಿನ ಹುಡುಗ, ಲೋಕದ ಮೇಲೆಲ್ಲ ಅವನಿಗೆ ಸಿಟ್ಟು. ಅವನು ಮೊದಲು ಓದುವುದಿಲ್ಲ, ನೋಡುತ್ತಾನೆ. ಆದ್ದರಿಂದ ಪುಟದಲ್ಲಿ ಎಲ್ಲವೂ ಒಡೆದಂತೆ, ಹರಿದಂತೆ, ಸುಟ್ಟಂತೆ ಕಾಣಬೇಕು. ಹೀಗೆ ಲೋಕವನ್ನು ಒಡೆಯುತ್ತ ನಿಂತವನು ಹಾಕಿಕೊಂಡಿದ್ದದ್ದು ಹಾಲಿನಂಥ ಬಿಳಿ ಬೂಟು. ಏರಿಯ ಮೇಲೆ ಬಿದ್ದಿದ್ದ ಸಗಣಿಗೆ ಹೆದರಿ ತುದಿಗಾಲಲ್ಲಿ ಓಡಾಡುತ್ತಿದ್ದ. ನನಗೆ ನಗಬಾರದು, ಆಕಾಶ ನೋಡಬೇಕು ಎಂದು ಅಪ್ಪಣೆಯಾಯಿತು. ನೋಡಿದೆ.

ಪತ್ರಿಕೆ ಬಂತು. ದಪ್ಪ ಕಾಗದ, ಇಡೀ ಮುಖಪುಟ ಕಪ್ಪು. ಪತ್ರಿಕೆಯ ಹೆಸರನ್ನು ಉಗುರಿನಿಂದ ಕೆರೆದ ಹಾಗೆ ಬರೆದಿದ್ದರು. ಕೆಳಗೆ ನನ್ನ ಹೆಸರು ಬಿಳಿ ಅಕ್ಷರದಲ್ಲಿ. ನಡುವೆ ನಾನು, ಕಪ್ಪು ಬಿಳುಪಿನಲ್ಲಿ, ಮೇಲೆ ನೋಡುತ್ತ. ಹಸಿರು ರೇಷ್ಮೆ ಕಪ್ಪಾಗಿತ್ತು, ಮಲ್ಲಿಗೆ ಮಾಯವಾಗಿತ್ತು, ಕಣ್ಣಿನ ಸುತ್ತ ಮಸಿ ಬಳಿದಿದ್ದರು. ಹಣೆ ಬೋಳು. ವಿನ್ಯಾಸಕಾರನಿಗೆ ಫೋನ್ ಮಾಡಿ ನನ್ನ ಬೊಟ್ಟೆಲ್ಲಿ ಎಂದು ಕೇಳಿದೆ. ಕಂಪ್ಯೂಟರಿನಲ್ಲಿ ತೆಗೆದೆ, ನಮ್ಮ ಓದುಗರಿಗೆ ಅದು ಕನೆಕ್ಟ್ ಆಗಲ್ಲ ಎಂದ, ಊಟದಲ್ಲಿ ಸಿಕ್ಕ ಕಲ್ಲು ತೆಗೆದಷ್ಟು ಸಲೀಸಾಗಿ.

ಒಳಗಿನ ಪುಟಗಳು ಇನ್ನೂ ಚೆನ್ನ. ಕಪ್ಪಿನ ಮೇಲೆ ಬೂದು ಅಕ್ಷರ. ಅಂಚು ಹರಿದಂತೆ ಅಚ್ಚುಕಟ್ಟಾಗಿ ಅಚ್ಚು ಹಾಕಿದ್ದಾರೆ, ಕಾಫಿ ಲೋಟದ ಕಲೆಯನ್ನೂ ಅಚ್ಚು ಹಾಕಿದ್ದಾರೆ. ನಮ್ಮ ಮನೆಯಲ್ಲಿ ಪುಸ್ತಕದ ಮೇಲೆ ಲೋಟ ಇಟ್ಟರೆ ಬೈಸಿಕೊಳ್ಳುತ್ತಿದ್ದೆವು. ಇವರು ಅದೇ ಕಲೆಗೆ ಸಂಬಳ ತೆಗೆದುಕೊಳ್ಳುತ್ತಾರೆ.

ಆದರೂ ಒಂದು ಮಾತು ಒಪ್ಪಬೇಕು, ವಿನ್ಯಾಸಕಾರನ ಲೆಕ್ಕ ತಪ್ಪಿರಲಿಲ್ಲ. ನಮ್ಮ ಬ್ಯಾಂಡಿನಲ್ಲಿ ಗಿಟಾರ್ ನುಡಿಸುವ ಮಾಲೂರಿನ ಹುಡುಗ ಕವರ್ ನೋಡಿ, ಸಖತ್ತಾಗಿದೆ ಕಣೇ ಎಂದು ಕುಣಿದಾಡಿಬಿಟ್ಟ. ಕರ್ಚೀಫಿಗೂ ಇಸ್ತ್ರಿ ಬೇಕು ಎನ್ನುವ ಹುಡುಗ ಅವನು. ಹರಿದಂತೆ ಕಾಣುವ ಆ ಪತ್ರಿಕೆ ಹರಿಯಬಾರದೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದಾನೆ. ಕೊಳೆಯಾಗದೆ ಕೊಳೆ ಬೇಕು, ಯಾರ ಮೇಲೂ ರೇಗದೆ ಸಿಟ್ಟು ಬೇಕು ಎನ್ನುವ ಇಂಥ ಹುಡುಗರಿಗೆ ಅದು ಹೇಳಿ ಮಾಡಿಸಿದ ಪತ್ರಿಕೆ.

ಅಮ್ಮ ಮಾತ್ರ ಆ ಲೆಕ್ಕದಲ್ಲಿರಲಿಲ್ಲ. ಕನ್ನಡಕ ಹಾಕಿಕೊಂಡು ಟ್ಯೂಬ್‌ಲೈಟಿನ ಕೆಳಗೆ ಪುಟ ಓರೆ ಮಾಡಿ ಮಾಡಿ ನೋಡಿದಳು. ಒಂದು ಸಾಲೂ ಕಾಣಿಸಲಿಲ್ಲ. ಕೊನೆಗೆ ಪತ್ರಿಕೆಯನ್ನು ಟೀಪಾಯ್ ಮೇಲೆ ಬೋರಲಾಗಿ ಇಟ್ಟು ಅಡುಗೆಮನೆಗೆ ಹೋದಳು. ಕೊಟ್ಟ ಮಾತಿನ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವೀಣೆ ಇನ್ನೂ ರಿಪೇರಿಯಲ್ಲೇ ಇರುತ್ತದೆ ಎಂದುಕೊಂಡೆ.

ಆ ವಾರವೇ ಗೌನಿಪಲ್ಲಿಯಿಂದ ಅತ್ತೆ ತಮ್ಮ ತೋಟದ ಮಾವಿನಹಣ್ಣು ಹೊತ್ತುಕೊಂಡು ಬಂದರು. ಬ್ಯಾಗು ಇಡಲು ಜಾಗ ಮಾಡುತ್ತ ಪತ್ರಿಕೆಯನ್ನು ತಿರುಗಿಸಿದರು. ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿ ಬ್ಯಾನರ್ ಕಟ್ಟುತ್ತಾರೆ. ಕಪ್ಪು ಹಿನ್ನೆಲೆ, ಕಪ್ಪು ಬಿಳುಪು ಫೋಟೋ, ಕೆಳಗೆ ಬಿಳಿಯಲ್ಲಿ ಹೆಸರು. ಅತ್ತೆ ಸೋಫಾದ ಮೇಲೆ ಕುಸಿದು ಕೂತರು.

"ಅತ್ತಿಗೆ, ಪಿಲ್ಲಕಿ ಏಮಯಿಂದಿ?" ಎಂದು ತೆಲುಗಿನಲ್ಲಿ ಕೇಳಿದರು. ಹುಡುಗಿಗೆ ಏನಾಯಿತು ಎಂದು. ಆ ಹುಡುಗಿ ಅವರಿಗಾಗಿ ಕಾಫಿ ಹಿಡಿದು ಎದುರಿಗೇ ನಿಂತಿದ್ದಳು.

ಅಮ್ಮ ರೂಮಿಗೆ ಹೋದಳು. ಪತ್ರಿಕೆಯನ್ನು ಬೀರುವಿಗೆ ಸೇರಿಸಲು ಬೀಗದಕೈ ತರುತ್ತಾಳೆ ಎಂದೇ ನಾನು ತಿಳಿದೆ. ಅವಳು ತಂದದ್ದು ಬೊಟ್ಟಿನ ಪ್ಯಾಕೆಟ್ಟು. ಅದರಿಂದ ಮೆರೂನ್ ಬೊಟ್ಟೊಂದನ್ನು ಕಿತ್ತು ಮುಖಪುಟದ ಹಣೆಗೆ ಅಂಟಿಸಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು. ಸ್ವಲ್ಪ ಸೊಟ್ಟಗಾಯಿತು.

"ಸಾಯೋಕೆ ಏನಾಗಿದೆ ಅವಳಿಗೆ?" ಎಂದಳು. "ಡ್ರಮ್ಸ್ ಬಾರಿಸ್ತಾಳೆ. ಚೆನ್ನಾಗಿ ಬಾರಿಸ್ತಾಳೆ, ಅದಕ್ಕೇ ಹಾಕಿದ್ದಾರೆ. ವೀಣೆಗೀಣೆ ಎಲ್ಲ ನಾನು ಹೇಳಿದ ಸುಳ್ಳು."

ಅತ್ತೆ ಕಾಫಿ ಕುಡಿದು ಸುಧಾರಿಸಿಕೊಂಡರು. ವೀಣೆ ನುಡಿಸುವವರಿಗೆ ಇಂಥ ತೋಳು ಬರುವುದಿಲ್ಲ ಎಂದು ತಮಗೆ ಯಾವತ್ತೋ ಅನ್ನಿಸಿತ್ತು ಎಂದರು.

ಕೆಲವು ದಿನ ಕಳೆದು, ಪತ್ರಿಕೆ ಹಿಡಿದುಕೊಂಡು ಒಂದು ಫೋಟೋ ಕಳಿಸಿ, ಇನ್‌ಸ್ಟಾಗ್ರಾಮಿಗೆ ಹಾಕುತ್ತೇವೆ ಎಂದು ವಿನ್ಯಾಸಕಾರ ಕೇಳಿದ. ಕಳಿಸಿದೆ. ಮರುದಿನ ಅವನಿಂದ ಮೆಸೇಜು ಬಂತು. ಕವರ್ ಹಾಳಾಗಿದೆಯಲ್ಲ ಮೇಡಂ, ಹೊಸ ಪ್ರತಿ ಕಳಿಸ್ತೀನಿ, ಇನ್ನೊಂದು ಫೋಟೋ ತೆಗೆದು ಕಳಿಸಿ ಎಂದು.

ಬೇಡ ಎಂದು ಬರೆದೆ. ಬೊಟ್ಟಿಟ್ಟ ಆ ಪತ್ರಿಕೆ ಆಗ ಮನೆಯಲ್ಲಿ ಇರಲೂ ಇಲ್ಲ. ಗೌನಿಪಲ್ಲಿಯಲ್ಲಿ ಒಂದು ಮದುವೆಯಿತ್ತು, ಅಮ್ಮ ಅದನ್ನು ಬ್ಯಾಗಿಗೆ ಹಾಕಿಕೊಂಡು ಬೆಳಿಗ್ಗೆಯೇ ಹೋಗಿದ್ದಳು.