ಕಡಿಮೆ ಒದೆಯುವ ಕೋವಿ

ಆಗ ನನಗೆ ಐವತ್ತೆರಡು. ಹನ್ನೊಂದು ವರ್ಷ ಹಿಂದಿನ ಮಾತು. ಕುವೈತಿನಲ್ಲಿ ನಾನು ಅಡುಗೆಗಿದ್ದ ಮನೆಯ ಯಜಮಾನಿಗೂ ನನ್ನದೇ ಪ್ರಾಯ. ಆದರೂ ಅಲ್ಲಿಯ ರೂಢಿಯಂತೆ ಅವರನ್ನು ನಾನು ಮಾಮಾ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದೆ. ನಾನು ಅನ್ನಕ್ಕೆ ತುಪ್ಪ ಬಡಿಸಿದರೂ, ಯಾರಾದರೂ ಮಾತು ಉದ್ದ ಮಾಡಿದರೂ ಅಂಗೈ ಎತ್ತಿ, "ಬೇಕಾದಷ್ಟೇ, ಖಲಾಸ್" ಅನ್ನುತ್ತಿದ್ದರು.

ಆ ಚಳಿಗಾಲ ತಮ್ಮನ ಜೊತೆ ಹೊರದೇಶಕ್ಕೆ ಜಿಂಕೆ ಬೇಟೆಗೆ ಹೊರಡುವವರಿದ್ದರು. ಗುರಿ ಕಲಿಯುವ ಮೈದಾನದಲ್ಲಿ ತಮ್ಮನ ದೊಡ್ಡ ಕೋವಿ ಒದ್ದು ಭುಜ ನೀಲಿಗಟ್ಟಿತು. ಮತ್ತೆ ಒದೆಯುತ್ತದೆಂದು ಕಣ್ಣು ಮುಚ್ಚಿ ಹೊಡೆದರು. ಗುಂಡೆಲ್ಲ ಮರಳಿಗೆ ಹೋಯಿತು.

"ಅಕ್ಕಾ, ನೀನು ಮನೆಯಲ್ಲೇ ಇರು," ಎಂದು ತಮ್ಮ ನಕ್ಕ.

ಯಜಮಾನಿ ಅಷ್ಟು ಒದೆಯದ, ಸಣ್ಣ ತೋಟಾ ಹಾಕುವ ಬೇರೆ ಕೋವಿ ತರಿಸಿದರು.

"ಅದು ಮಕ್ಕಳದ್ದು!"

"ಜಿಂಕೆಗೆ ಇದು ಸಾಕು. ನನ್ನ ಭುಜ ಯಾಕೆ ಮುರಿಯಬೇಕು? ಬೇಕಾದಷ್ಟೇ, ಖಲಾಸ್."

ಕಣ್ಣು ತೆರೆದೇ ಹೊಡೆದರು. ಗುಂಡು ಬಿದ್ದ ತೂತುಗಳೆಲ್ಲ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಇದ್ದವು. ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದ ನನಗೆ ನಾನೇ ಹೊಡೆದ ಹಾಗೆ ಎದೆ ಉಬ್ಬಿತು.

"ಮಾಮಾ, ಇವರಿಗೂ ಮಕ್ಕಳ ಕೋವಿ ಕೊಟ್ಟು ನೋಡಿ," ಎಂದು ತಮ್ಮನನ್ನು ತೋರಿಸಿ, ನನಗೆ ಬರುವ ಅರಬಿಯಲ್ಲೇ ಗಟ್ಟಿಯಾಗಿ ಹೇಳಿದೆ.

ಮರುದಿನ ಬೆಳಿಗ್ಗೆ ಯಜಮಾನಿಯ ಪೆಟ್ಟಿಗೆಗೆ ಉಣ್ಣೆಬಟ್ಟೆ ತುಂಬಿ ಬೀಗ ಹಾಕಿದೆ. ಕಾರಿನಲ್ಲಿಡಲು ತಮ್ಮನ ಕೈಗೇ ಕೊಟ್ಟೆ.