ಸೋಮವಾರದ ಗುಳಿ ಮುಚ್ಚಿದ ಹೊಳೆಮ್ಮ

ಕೋಳಿ ಎರಡನೆಯ ಸಲ ಕೂಗುವ ಹೊತ್ತಿಗೆ ಹೊಸಪೇಟೆಯ ಹೊಳೆಮ್ಮ ತನ್ನ ಮನೆಯ ಪಡಸಾಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಮುಂದೆ ಒಂದು ಮೊರ, ಮೊರದ ತುಂಬ ಹುಣಸೆ ಬೀಜ. ಮಣ್ಣಿನ ನೆಲದಲ್ಲಿ ಗೋಡೆಯಿಂದ ಗೋಡೆಗೆ ಸಾಲು ಸಾಲು ಗುಳಿಗಳು, ಥೇಟ್ ಅಳಿಗುಳಿ ಮಣೆ. ಒಂದು ಗುಳಿಯ ಬೀಜವನ್ನೆಲ್ಲ ಬಾಚಿ ತೆಗೆಯುತ್ತಾಳೆ, ತುಟಿ ಆಡಿಸುತ್ತ ಮೊರದಿಂದ ಮೂವತ್ತೆಂಟು ಬೀಜ ಎಣಿಸಿ ಅದೇ ಗುಳಿಗೆ ಹಾಕುತ್ತಾಳೆ. ಐವತ್ತೈದರ ಹೆಂಗಸು ಬೆಳ್ಳಂಬೆಳಗ್ಗೆ ಒಬ್ಬಳೇ ಅಳಿಗುಳಿ ಆಡುತ್ತಾಳಲ್ಲ, ತಲೆ ನೆಟ್ಟಗಿದೆಯೇ ಎಂದು ಓಣಿಯವರು ಮೊದಮೊದಲು ಆಡಿಕೊಂಡದ್ದುಂಟು. ಈಗ ಅದೇ ಓಣಿಯವರು ಬಾಗಿಲಲ್ಲಿ ಇಣುಕಿ, "ಹೊಳೆಮ್ಮಾ, ಇವತ್ತು ಹೆಂಗೈತಿ? ಏರೇತೋ ಇಳಿದೇತೋ?" ಎಂದು ಕೇಳಿಕೊಂಡೇ ಕೆಲಸಕ್ಕೆ ಹೋಗುತ್ತಾರೆ.

ಕೇಳುವುದು ಜಂಬುನಾಥ ಬ್ಯಾಂಕಿನ ಷೇರಿನ ರೇಟು. ಊರಿನ ಪುಟ್ಟ ಬ್ಯಾಂಕು ಅದು. ಹತ್ತು ವರ್ಷದ ಹಿಂದೆ ಐದು ರೂಪಾಯಿಗೊಂದು ಪಾಲಿನಂತೆ ಹಂಚಿ ಬಾಗಿಲು ತೆರೆಯಿತು. ಮದರಾಸಿನ ಪತ್ರಿಕೆಗಳಲ್ಲಿ ಅದರ ಹೆಸರು ಬರುವುದಿಲ್ಲ. ಆ ಪಾಲು ಕೊಳ್ಳುವುದು, ಮಾರುವುದು ಎಲ್ಲ ಬೆಲ್ಲದ ಮಂಡಿಯ ಕಟ್ಟೆಯ ಮೇಲೆ, ದಲಾಲಿಗಳ ಬಾಯಲ್ಲಿ.

ಹೊಳೆಮ್ಮನ ಕಸುಬು ಹುಣಸೆಹಣ್ಣು ಬಿಡಿಸುವುದು. ಸಂಡೂರಿನ ಗುಡ್ಡದಿಂದ ಗಾಡಿಗಟ್ಟಲೆ ಬಂದಿಳಿಯುವ ಹಣ್ಣನ್ನು ಕೊಡತಿಯಿಂದ ಕುಟ್ಟಿ, ನಾರು ಕಿತ್ತು, ಬೀಜ ತೆಗೆದುಕೊಡಬೇಕು. ದಿನಕ್ಕೆ ಒಂದೂವರೆ ಮಣ, ಕೂಲಿ ಮೂರಾಣೆ. ಮೂವತ್ತು ವರ್ಷದ ಕೆಲಸ ಅವಳ ಹತ್ತೂ ಬೆರಳನ್ನು ಕಂದು ಮಾಡಿಬಿಟ್ಟಿದೆ. ಅವಳೊಂದಿಗೆ ಇನ್ನೂ ಎಂಟು ಹೆಂಗಸರು. ಒಂಬತ್ತೂ ಜನ ಕೂರುವುದು ಬಯಲಲ್ಲಿ. ತಲೆ ಸುಡುವ ಬಿಸಿಲು ಒಂದು ಕಡೆ, ಇದ್ದಕ್ಕಿದ್ದಂತೆ ಸುರಿಯುವ ಅಡ್ಡಮಳೆ ಇನ್ನೊಂದು ಕಡೆ. ಹಣ್ಣು ನೆಂದರೆ ಮಳೆರಾಯನಿಗೆ ದಂಡ ಹಾಕುವವರಿಲ್ಲ, ಇವರ ಕೂಲಿಗೇ ಕತ್ತರಿ!

"ನಮ್ದೂ ಅಂತ ಒಂದು ಸೂರು ಬೇಕಿತ್ರಿ," ಎನ್ನುತ್ತಾಳೆ ಹೊಳೆಮ್ಮ. "ಯಾರ ಕೈಕಾಲು ಹಿಡಿದ್ರೂ ಆಗ್ಲಿಲ್ಲ. ಅದಕ್ಕ ಒಂಬತ್ತು ಮಂದಿ ಕೂಡಿ ಬ್ಯಾಂಕಿನ ಪಾಲು ತಗೊಂಡ್ವಿ. ಇಪ್ಪತ್ನಾಕು ಪಾಲು. ಅದು ಬೆಳದ್ರ ಸೂರು, ಮುಳುಗಿದ್ರ ಮತ್ತ ಬಯಲು."

ಪಾಲೇನೋ ಬಂತು. ಆದರೆ ಅದು ಬೆಳೆಯುತ್ತಿದೆಯೋ ಸೊರಗುತ್ತಿದೆಯೋ ತಿಳಿಯುವುದು ಹೇಗೆ? ಕಟ್ಟೆಯ ರೇಟು ಇವತ್ತು ಎಂಟು ರೂಪಾಯಿ ಅಂದರೆ ನಾಳೆ ಏಳೂವರೆ. ಓದು ಬರಹ ಬಾರದ ಹೊಳೆಮ್ಮನಿಗೆ ನೆನಪಾದದ್ದು ಹಂಪಿಯ ಮಂಟಪದ ಕಲ್ಲುನೆಲ. ಅಲ್ಲಿ ಯಾರೋ ಯಾವ ಕಾಲದಲ್ಲೋ ಕೊರೆದ ಗುಳಿಗಳಲ್ಲಿ ಚಿಕ್ಕಂದಿನಲ್ಲಿ ಇವಳು ಹುಣಸೆ ಬೀಜ ಹಾಕಿ ಆಡಿದವಳು. ಸರಿ, ಪಡಸಾಲೆಯಲ್ಲೇ ಗುಳಿ ತೋಡಿದಳು. ವಾರಕ್ಕೊಂದು ಸಾಲು, ಸೋಮವಾರದಿಂದ ಶನಿವಾರಕ್ಕೆ ಸಾಲಿಗೆ ಆರು ಗುಳಿ. ಒಂದು ಹುಣಸೆ ಸುಗ್ಗಿ ಮುಗಿದು ಇನ್ನೊಂದು ಬರುವ ತನಕ ಮೂವತ್ತೈದು ವಾರವೆಂದು ಅವಳ ಲೆಕ್ಕ, ಹಾಗಾಗಿ ಮೂವತ್ತೈದು ಸಾಲು. ಪಾವಲಿಗೆ, ಅಂದರೆ ನಾಲ್ಕಾಣೆಗೆ, ಒಂದು ಬೀಜದಂತೆ ಸಂಜೆ ಕಟ್ಟೆಯಲ್ಲಿ ಕೇಳಿಬಂದ ರೇಟು ಮರುದಿನ ಬೆಳಗ್ಗೆ ಆ ದಿನದ ಗುಳಿಗೆ. ಗುಳಿಗಳೆಲ್ಲ ತುಂಬಿದ ಮೇಲೆ ಎಲ್ಲಕ್ಕಿಂತ ಹಳೆಯ ಗುಳಿ ಬರಿದುಮಾಡಿ ಅಲ್ಲಿ ಹೊಸ ರೇಟು. ಬೀಜಕ್ಕೇನು ಬರ? ಸೆರಗಿನ ತುಂಬ ತಂದರೂ ಕೇಳುವವರಿಲ್ಲ.

"ಇವತ್ತಿನ ರೇಟು ಇವತ್ತಿನ ಮಾತು ಅಷ್ಟಾ ನೋಡ್ರಿ. ಎಲ್ಲಾ ಗುಳಿ ಬೀಜ ಸಮ ಹಂಚಿದ್ರ ಗುಳಿಗೆ ಎಷ್ಟು ಬೀಳ್ತಾವ, ಅದು ಅದರ ನಡು. ನಡು ಗಟ್ಟಿ ಇದ್ರ ಒಂದಿನ ಕೆಳಗ ಬಿದ್ದಿದ್ದು ಎದ್ದು ಬರತೈತಿ. ನಡುನೇ ಕುಸಿಯಾಕತ್ತಿದ್ರ ದೂರ ಸರೀಬೇಕು."

ಕೇಳಲು ಸುಲಭ. ಆದರೆ ಇದೇ ಗುಳಿಗಳು ಅವಳಿಗೆ ಒಮ್ಮೆ ಕೈಕೊಟ್ಟವು. ಮೂರು ವರ್ಷದ ಹಿಂದೆ ನಡು ವಾರದಿಂದ ವಾರಕ್ಕೆ ಇಳಿಯತೊಡಗಿತು. ಹೊಳೆಮ್ಮ ಹೆದರಿ ಒಂದು ಮಂಗಳವಾರ ನಾಲ್ಕು ಪಾಲು ಐದೂವರೆಗೆ ಮಾರಿದಳು. ಕೊಂಡವರು ಅಕ್ಕಿ ಗಿರಣಿಯ ಮರಿಸ್ವಾಮಿ ಸಾಹುಕಾರರು. ನಾಲ್ಕೇ ದಿನದಲ್ಲಿ ಅದೇ ಪಾಲು ಎಂಟು ರೂಪಾಯಿ ಆಯಿತು. "ಎರಡು ದಿನ ನನಗ ಕೂಳು ಇಳೀಲಿಲ್ಲ," ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತಾಳೆ.

ತಪ್ಪು ಎಲ್ಲಿತ್ತೆಂದು ಗೊತ್ತಾದದ್ದು ಮುಂದಿನ ಯುಗಾದಿಗೆ ಮನೆ ಸಾರಿಸುವಾಗ. ಸೆಗಣಿ ಬಕೆಟ್ಟು ಹಿಡಿದು ಗುಳಿಗಳ ಮೇಲೆ ಬಗ್ಗಿದವಳಿಗೆ ಕಂಡದ್ದೇನು? ಎಲ್ಲ ಸಾಲಿನಲ್ಲೂ ಮೊದಲ ಗುಳಿ ತಗ್ಗು. ಉಳಿದ ಐದರಲ್ಲಿ ಮೂವತ್ತೆರಡು, ಮೂವತ್ಮೂರು ಬೀಜವಿದ್ದರೆ ಅದರಲ್ಲಿ ಇಪ್ಪತ್ತೆರಡು, ಇಪ್ಪತ್ತು. ಮೊದಲ ಗುಳಿ ಎಂದರೆ ಸೋಮವಾರ. ಸೋಮವಾರ ಬಸವಣ್ಣನ ವಾರ, ಈ ಸೀಮೆಯಲ್ಲಿ ಯಾರೂ ಎತ್ತಿಗೆ ನೊಗ ಹೂಡುವುದಿಲ್ಲ. ಕಂಪ್ಲಿ, ಎಮ್ಮಿಗನೂರು, ಪಾಪಿನಾಯಕನಹಳ್ಳಿಯ ಗಾಡಿ ಯಾವುದೂ ಬರುವುದಿಲ್ಲ. ಕಟ್ಟೆಯ ಮೇಲೆ ಉಳಿಯುವವರು ಮರಿಸ್ವಾಮಿಯವರು ಮತ್ತು ಮೂರು ದಲಾಲಿಗಳು. ಅವರವರೇ ಒಂದು ಪಾಲು ಆಚೆ, ಒಂದು ಪಾಲು ಈಚೆ ಮಾಡಿಕೊಂಡು ರೇಟು ಇಳಿಸಿಡುವುದು. ಮಂಗಳವಾರ ಗಾಡಿ ಇಳಿದ ರೈತರಿಗೆ, "ಅಯ್ಯೋ, ನಿನ್ನೆ ಐದಕ್ಕ ಬಂದೈತಿ" ಎಂದರೆ ಸಾಕು, ಹೆದರಿದವರು ಮಾರಿ ಕೈತೊಳೆದುಕೊಳ್ಳುತ್ತಿದ್ದರು.

"ಎತ್ತು ಹೂಡದ ದಿನದ ರೇಟು ಎಂಥಾ ರೇಟ್ರಿ?" ಎಂದು ಹೊಳೆಮ್ಮ ಅವತ್ತೇ ಮಣ್ಣು ಕಲಸಿ ಮೂವತ್ತೈದು ಸೋಮವಾರಗಳನ್ನೂ ಮುಚ್ಚಿ, ಮೇಲೆ ಸೆಗಣಿ ಸಾರಿಸಿದಳು. ಉಳಿದ ಗುಳಿಗಳ ಬೀಜ ಎಣಿಸಿ ನೋಡಿದರೆ ನಡು ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಕಳೆದ ವರ್ಷ ಆಷಾಢದಲ್ಲಿ. ದಕ್ಷಿಣದ ಯಾವುದೋ ದೊಡ್ಡ ಬ್ಯಾಂಕು ಬಾಗಿಲು ಹಾಕಿತೆಂಬ ಸುದ್ದಿ ರೈಲಿನಲ್ಲಿ ಬಂದಿಳಿಯಿತು. ಸೋಮವಾರ ಕಟ್ಟೆಯ ಮೇಲೆ ಜಂಬುನಾಥ ಬ್ಯಾಂಕಿನ ಪಾಲು ಒಂಬತ್ತರಿಂದ ಧಡಾರನೆ ಆರಕ್ಕೆ ಬಿತ್ತು. ಮಂಗಳವಾರ ಬೆಳಗಾಗುವುದರೊಳಗೆ ಶಾಂತಕ್ಕ, ಅಕ್ಕನಾಗಮ್ಮ, ಉಳಿದ ಜೊತೆಗಾರ್ತಿಯರೆಲ್ಲ ಹೊಳೆಮ್ಮನ ಪಡಸಾಲೆಯಲ್ಲಿದ್ದರು.

"ಯಕ್ಕಾ, ಇದ್ದಷ್ಟರ ಬರ್ಲಿ, ಮಾರಿಬಿಡೂಣು," ಎಂದು ಶಾಂತಕ್ಕ ಅತ್ತೇಬಿಟ್ಟಳು. "ಸೂರೂ ಬ್ಯಾಡ, ಏನೂ ಬ್ಯಾಡ."

"ಅಳಬ್ಯಾಡ ಸುಮ್ಕಿರಲೇ," ಎಂದು ಗದರಿಸಿ ಹೊಳೆಮ್ಮ ಅವರನ್ನೆಲ್ಲ ಗುಳಿಯ ಸುತ್ತ ಕೂರಿಸಿದಳು. ಎಣಿಸಿ ತೋರಿಸಿದಳು. ನಡು ಮೂವತ್ತಾರು ಬೀಜ, ಒಂಬತ್ತು ರೂಪಾಯಿ. ಇಳಿಯುವುದಿರಲಿ, ತಿಂಗಳಿಂದ ಅರ್ಧ ಬೀಜ ಏರಿತ್ತು. ಆದರೂ ಗುಳಿಯೊಂದನ್ನೇ ನಂಬಿ ಕೂರಲಿಲ್ಲ. ಬ್ಯಾಂಕಿನ ಮೆಟ್ಟಿಲ ಹತ್ತಿರ ಹೋಗಿ ನಿಂತು ನೋಡಿದಳು. ಇಟ್ಟ ಹಣ ವಾಪಸು ಕೇಳಲು ಹೋದ ಆರು ಜನರೂ ಹಣ ಎಣಿಸಿಕೊಂಡೇ ಹೊರಗೆ ಬಂದರು. ಆಮೇಲೆ ಒಂಬತ್ತು ಹೆಂಗಸರ ದಂಡು ನೆಟ್ಟಗೆ ಮಂಡಿಗೆ.

ಕಟ್ಟೆಯ ಮುಂದೆ ಗಾಡಿಗಳ ಜಾತ್ರೆ. ರೈತರ ಮುಖ ಬಾಡಿವೆ. ಮರಿಸ್ವಾಮಿಯವರು ತಕ್ಕಡಿಯ ಪಕ್ಕ ಕೂತು, "ಆರು ರೂಪಾಯಿ, ಮಧ್ಯಾಹ್ನಕ್ಕ ಐದು, ನಾಳಿ ದೇವರೇ ಗತಿ," ಎನ್ನುತ್ತಿದ್ದಾರೆ. ಹೊಳೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಸಾವ್ಕಾರ್ರ, ನಿಮ್ಮತ್ರ ಮುನ್ನೂರು ಪಾಲು ಅದಾವಂತ ಊರಿಗೇ ಗೊತ್ತು. ಆರಕ್ಕ ಬ್ಯಾಡ, ಆರು ರೂಪಾಯಿ ಒಂದು ಪಾವಲಿಗೆ ನಾವು ಕೊಂತೀವಿ. ಹತ್ತು ಪಾಲು ಕೊಡ್ರಿ." ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ ಒಂಬತ್ತೂ ಜನರ ಸುಗ್ಗಿಯ ಕೂಲಿಯನ್ನು ಕಟ್ಟೆಯ ಮೇಲೆ ಸುರಿದಳು.

ಸಾಹುಕಾರರು ತಕ್ಕಡಿಯ ತೂಕದ ಕಲ್ಲುಗಳನ್ನು ಆಚೀಚೆ ಜೋಡಿಸತೊಡಗಿದರು.

"ಹತ್ತು ಬ್ಯಾಡ, ಐದು ಕೊಡ್ರಿ. ಮುಳುಗೋ ತೆಪ್ಪ ಅಂತೀರಲ್ಲ, ಮತ್ಯಾಕ ಬಿಗಿಹಿಡಕೊಂಡು ಕುಂತೀರಿ? ಹೋಗ್ಲಿ, ಒಂದು?"

ಒಂದೂ ಇಲ್ಲ! ಕಂಪ್ಲಿಯ ಒಬ್ಬ ಮುದುಕರು ಮೊದಲು ಕಿಸಕ್ಕನೆ ನಕ್ಕರು. ಆಮೇಲೆ ಕಟ್ಟೆಗೆ ಕಟ್ಟೆಯೇ ಘೊಳ್ಳೆಂದಿತು. ಮಾರಲು ಬಂದಿದ್ದವರು ಪಾಲಿನ ಕಾಗದ ಮತ್ತೆ ಅಂಗಿಯ ಒಳಜೇಬಿಗೆ ತುರುಕಿಕೊಂಡು ಎತ್ತು ತಿರುಗಿಸಿದರು. ಶುಕ್ರವಾರಕ್ಕೆ ರೇಟು ಎಂಟು, ದೀಪಾವಳಿಗೆ ಹತ್ತು. ಈಗ ಯಾರಾದರೂ ಸೋಮವಾರದ ರೇಟು ಕೇಳಿದರೆ ಮರಿಸ್ವಾಮಿಯವರೇ ನಗುತ್ತಾರೆ. "ಆ ಹೊಳೆಮ್ಮ ನನ್ನ ಸೋಮಾರಕ್ಕ ಸೆಗಣಿ ಸಾರಿಸಿಬಿಟ್ಲಪಾ," ಎನ್ನುತ್ತಾರೆ.

ಹತ್ತಾದಾಗ ಒಂಬತ್ತು ಜನ ಕೂಡಿ ಹನ್ನೆರಡು ಪಾಲು ಮಾರಿದರು, ಎಂಟು ಉಳಿಸಿಕೊಂಡರು. ಆ ಹಣದಿಂದ ಮಂಡಿಯ ಹಿಂದಿನ ಜಾಗದಲ್ಲಿ ಕಲ್ಲುಕಂಬ ನಿಂತಿವೆ, ಮೇಲೆ ತಗಡು ಬಿದ್ದಿದೆ. ಮೊನ್ನೆ ಅಡ್ಡಮಳೆ ಸುರಿದಾಗ ಒಂಬತ್ತು ಜನ ಒಳಗೆ ಕೂತು, ತಗಡಿನ ಸದ್ದಿಗೆ ಮಾತು ಕೇಳಿಸದೆ, ಒಬ್ಬರ ಮುಖ ಒಬ್ಬರು ನೋಡಿ ನಕ್ಕದ್ದೇ ನಕ್ಕದ್ದು. ಹಣ್ಣು ಒಂದೂ ನೆನೆಯಲಿಲ್ಲ, ಕೂಲಿ ಪೂರ್ತಿ ಬಂತು.

ಇವತ್ತು ಸೂರಿನ ನೆಲಕ್ಕೆ ಬಂಡೆ ಹಾಸಲು ಗೌಂಡಿ ಜಡೆಪ್ಪ ಬಂದಿದ್ದಾನೆ. ಮನೆಯ ಗುಳಿ ತುಂಬಿಸಿ ಬಂದ ಹೊಳೆಮ್ಮ ಅವನ ಅಳತೆಯ ದಾರದ ಮುಂದೆ ಅಡ್ಡ ನಿಂತಿದ್ದಾಳೆ. ಉಳಿದ ಎಂಟು ಜನರಿಗೂ ಗುಳಿ ಎಣಿಸಲು ಕಲಿಸಬೇಕೆಂಬುದು ಅವಳ ಆಸೆ, ತನಗೇನು ವಯಸ್ಸಾಗುವುದಿಲ್ಲವೇ? ಬೇರೆ ಏನಾದರೂ ಬೇಕೇ ಎಂದರೆ ಕೈಯಾಡಿಸಿಬಿಡುತ್ತಾಳೆ.

"ಎಲ್ಲಾ ಕಡಿ ಬಂಡಿ ಹಾಸಪಾ ಜಡೆಪ್ಪಾ, ಆ ಮೂಲಿ ಒಂದು ಮಣ್ಣಾ ಇರ್ಲಿ, ಗುಳಿ ತೋಡಬೇಕು," ಎನ್ನುತ್ತಾಳೆ. ಎಷ್ಟು ಅಗಲ ಬಿಡಲಿ ಎಂದು ಅವನು ಕೇಳುತ್ತಾನೆ. ಹೊಳೆಮ್ಮ ಕಂದು ಕೈ ಚಾಚಿ ಐದು ಬೆರಳು ತೋರಿಸುತ್ತಾಳೆ.

"ಸಾಲಿಗೆ ಐದು ಗುಳಿ ಹಿಡಿಸಿದ್ರ ಸಾಕು. ಸೋಮಾರಕ್ಕ ಜಾಗ ಬ್ಯಾಡ."