ಬಂಡೆಯ ಕೆಳಗೆ ಬಿಟ್ಟ ಚಪ್ಪಲಿ

ಚಳ್ಳಕೆರೆಯ ನಮ್ಮ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರೊಬ್ಬರಿದ್ದರು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದವರೂ ಅವರೇ. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಮೊಳಕಾಲ್ಮೂರಿನ ಬಂಡೆಗುಡ್ಡಕ್ಕೆ ಕರೆದೊಯ್ಯುತ್ತಿದ್ದರು. ಕನ್ನಡ ಮೇಷ್ಟ್ರಾದ ನಾನೂ ಜೊತೆಗಿರುತ್ತಿದ್ದೆ. ಬಂಡೆ ಹತ್ತುವ ಮುಂಚೆ ಅವರು ಚಪ್ಪಲಿ ಬಿಡುತ್ತಿದ್ದರು. ಅದನ್ನು ನೋಡಿ ನಾವೆಲ್ಲ ಬಿಡುತ್ತಿದ್ದೆವು. ಕಲ್ಲಿನ ಮೇಲೆ ಅಂಗೈ ಊರಿ, ಅದು ಕೋಟಿಗಟ್ಟಲೆ ವರ್ಷ ಹಳೆಯದೆಂದು ವಿವರಿಸಿ, "ದೇವ್ರಿಗೆ ಅವಸರ ಇರ್ಲಿಲ್ಲ ಕಣ್ರೋ" ಎಂದು ನಗುತ್ತಿದ್ದರು.

ಒಂದು ಭಾನುವಾರ ಅದೇ ಮಾತನ್ನು ಚರ್ಚಿನ ಮಕ್ಕಳಿಗೂ ಹೇಳಿದರು. ಸಭೆಯ ಹಿರಿಯರೊಬ್ಬರು ಅವರನ್ನು ಕರೆದು, "ದೇವ್ರು ಆರೇ ದಿನದಲ್ಲಿ ಲೋಕ ಮಾಡಿದ್ರು ಅಂತ ಬೈಬಲಲ್ಲಿ ಬರ್ದೈತೆ ಮೇಷ್ಟ್ರೇ. ಸ್ಕೂಲಿನ ಮಾತು ಸ್ಕೂಲಲ್ಲೇ ಇರ್ಲಿ, ದೇವ್ರ ಮಾತು ಇಲ್ಲಿರ್ಲಿ" ಅಂದರಂತೆ. ಮೇಷ್ಟ್ರು ಎದುರಾಡುವವರಲ್ಲ. ಎದುರಾಡಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮರುವರ್ಷ ಗುಡ್ಡದಲ್ಲಿ ಬಂಡೆಯ ವಯಸ್ಸನ್ನಷ್ಟೇ ಹೇಳಿ ಮುಗಿಸಿದರು. ಹೋದ ಸಲವೂ ಬಂದಿದ್ದ ಹುಡುಗಿಯೊಬ್ಬಳು ಅವರ ಕಾಲನ್ನೇ ನೋಡುತ್ತ, "ಸಾ, ಚಪ್ಪಲಿ ಬಿಡ್ಲಿಲ್ವಲ್ಲ?" ಎಂದಳು.

"ಯಾಕಮ್ಮ, ಇದು ಬರೀ ಕಲ್ಲು" ಎಂದರು.

ನನ್ನ ಚಪ್ಪಲಿ ಆಗಲೇ ಬಂಡೆಯ ಕೆಳಗಿತ್ತು.